ಮಿಶ್ರಛಾಪಿನ ಅಂಕಲ್

ಅಮೆರಿಕದ ವಿಕ್ಸಮ್ ಊರಿನ ಫಣೀಂದ್ರ ಅಂಕಲ್ ಮನೆಗೆ ಊಟಕ್ಕೆ ಹೋದವರು ಮೊದಲು ಬೇಸ್‌ಮೆಂಟಿಗಿಳಿದು, ಎಪ್ಪತ್ತರ ದಶಕದ ಯಾವುದಾದರೂ ಇಂಗ್ಲಿಷ್ ಅಥವಾ ಇಟಾಲಿಯನ್ ಪ್ರೋಗ್ರೆಸಿವ್ ರಾಕ್ ಬ್ಯಾಂಡಿನ ಎಲ್‌ಪಿ ರೆಕಾರ್ಡು ಕೇಳಲೇಬೇಕು. ಹಾಡು ಇಪ್ಪತ್ತು ನಿಮಿಷದ್ದು. ನಡುವೆ ಯಾರಾದರೂ ಕೆಮ್ಮಿದರೆ ಮುಳ್ಳೆತ್ತಿ ಮತ್ತೆ ಮೊದಲಿಂದ ಹಾಕುತ್ತಾರೆ. ಆರ್ಗನ್ ಮೊರೆಯುವಾಗ ತೊಡೆಯ ಮೇಲೆ ತಾಳ ಹಾಕುತ್ತ, "ಮಿಶ್ರಛಾಪು ಕಣ್ರೀ, ಅಪ್ಪಟ ಏಳಕ್ಷರ" ಎನ್ನುತ್ತಾರೆ. ಮೇಲಿನಿಂದ ವತ್ಸಲಾ ಆಂಟಿ, "ಸಾರು ಆರೋಯ್ತು, ಆ ಗದ್ದಲಕ್ಕೆ ನಂಗೆ ತಲೆನೋವು" ಎಂದರೆ, "ಈ ಸೈಡ್ ಮುಗೀಲಿ ಇರೇ" ಎಂಬ ಉತ್ತರ. ಈ ಜಗಳಕ್ಕೆ ಅವರ ಮದುವೆಯಷ್ಟೇ ವಯಸ್ಸು. ಈಚೆಗೆ ಅಂಕಲ್‌ಗೆ ಕಿವಿ ಒಂದಿಷ್ಟೂ ಕೇಳಿಸುವುದಿಲ್ಲ. ಆದರೂ ಸಂಜೆ ಎಲ್‌ಪಿ ತಿರುಗುತ್ತದೆ. ಆಂಟಿ ಒಲೆ ಆರಿಸಿ ಕೆಳಗಿಳಿದು ಬಂದು, ಪಕ್ಕದಲ್ಲಿ ಕೂತು, ಅವರ ಅಂಗೈ ಮೇಲೆ ಆ ಏಳಕ್ಷರ ತಟ್ಟುತ್ತಾರೆ, ಒಂದೂ ತಪ್ಪದೆ.