ಕೊಪ್ಪರಿಗೆಯ ಮುಂದೆ ಸೋಮಮ್ಮ

ಬೆಳಕು ಹರಿಯುವ ಹೊತ್ತು. ಪಾಲಹಳ್ಳಿಯ ಹೊರಗಿನ ಆಲೆಮನೆಯಲ್ಲಿ ರಾತ್ರಿ ಪಾಳಿಯ ಕೊನೆಯ ಪಾಕ ಇಳಿದಿದೆ. ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಸೋಮಮ್ಮ, ಬೆಲ್ಲ ಕಾಯಿಸುವ ನಾಗರಾಜು ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. "ಚಪ್ಪಲಿ ಬುಡು, ಕಾಲು ತೋರ್ಸು." ಆತ ಹಿಂಜರಿಯುತ್ತಲೇ ಚಾಚುತ್ತಾನೆ. ಹೆಬ್ಬೆರಳಿನ ಬುಡದಲ್ಲಿ ಸುಟ್ಟ ಗಾಯ ಕಪ್ಪಗಾಗಿ ಕೀವು ಕಟ್ಟಿದೆ.

"ಯಾವಾಗ್ಲಾ ಪಾಕ ಬಿತ್ತು?"

"ಗೊತ್ತಿಲ್ಲ ಕಣಕ್ಕ. ನೋವೇ ಆಗ್ನಿಲ್ಲ."

ಸೋಮಮ್ಮ ಹೆದರುವುದು ಆ ಮಾತಿಗೇ. ಸಕ್ಕರೆ ಕಾಯಿಲೆ ಏರಿದರೆ ಪಾದಕ್ಕೆ ನೋವೇ ತಿಳಿಯುವುದಿಲ್ಲ.

ನಾಗರಾಜುಗೆ ಸಕ್ಕರೆ ಕಾಯಿಲೆಯೆಂದು ಗೊತ್ತಾದಾಗ ಆಸ್ಪತ್ರೆಗೆ ಕರೆದೊಯ್ದು ಮಾತ್ರೆ ಕೊಡಿಸಿದವರು ಇವರೇ. ಹೊಟ್ಟೆ ತುಂಬಿದರೆ ಒಲೆ ಮುಂದೆ ತೂಕಡಿಕೆ ಬರುತ್ತದೆಂದು ಆತ ರಾತ್ರಿ ಉಣ್ಣುತ್ತಿರಲಿಲ್ಲ. ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ, ಒಮ್ಮೆ ಕುದಿಯುವ ಕೊಪ್ಪರಿಗೆಯ ಪಕ್ಕದಲ್ಲೇ ತಲೆ ಸುತ್ತಿ ಕುಸಿದ. ಜೊತೆಯವರು ಎಳೆದುಕೊಂಡಿದ್ದಕ್ಕೆ ಬದುಕಿದ. ಅಂದಿನಿಂದ ಮಾತ್ರೆ ಬಿಟ್ಟ. ಸುಸ್ತಾದಾಗ ಕಬ್ಬಿನ ಹಾಲು ಕುಡಿದ. ಹಗಲು ತಗಡಿನ ಮನೆಯ ಧಗೆಯಲ್ಲಿ ಅರೆನಿದ್ದೆ ಮಾಡಿದ.

"ಉಂಡು ನುಂಗಪ್ಪಾ ಅಂದೆ. ಬುತ್ತಿ ಕಟ್ಟು ಅಂತ ಅವ್ನ ಎಂಡ್ರಿಗೂ ಏಳ್ದೆ. ಅವ್ನಿಗೆ ಕೊಪ್ಪರಿಗೆ ಭಯ ಇತ್ತು, ಕಾಯ್ಲೆ ಭಯ ಇರ್ನಿಲ್ಲ" ಎನ್ನುತ್ತಾರೆ ಸೋಮಮ್ಮ.

ಕೆ.ಆರ್.ಎಸ್. ಕಡೆಯಿಂದ ಬರುವ ಬಸ್ಸು ಹತ್ತಿಸಿ ಆತನನ್ನು ಮೈಸೂರಿಗೆ ಕರೆದೊಯ್ಯುತ್ತಾರೆ. ಪಾದ ಉಳಿಯುವುದಿಲ್ಲ ಎನ್ನುತ್ತಾರೆ ವೈದ್ಯರು. ಜೊತೆಗೆ ಬಂದ ಹೆಂಡತಿ ಮಂಚಮ್ಮ ಅಳುತ್ತಾಳೆ. ನಾಗರಾಜು ಅಳುವುದಿಲ್ಲ. "ಒಲೆ ಮುಂದೆ ಎಂಗಕ್ಕ ನಿಂತ್ಕಳ್ಳದು?" ಎಂದು ಸೋಮಮ್ಮನನ್ನು ಕೇಳುತ್ತಾನೆ. ಅವರು ಆತನ ಭುಜದ ಮೇಲೆ ಕೈಯಿಡುತ್ತಾರೆ.

ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಸೋಮಮ್ಮ ನನಗೆ ಮತ್ತೆ ಸಿಕ್ಕಾಗ, ಅವರ ಕಣ್ಣ ಕೆಳಗೆ ಕಪ್ಪು. ನಿದ್ದೆ ಹತ್ತುತ್ತಿಲ್ಲವಂತೆ. ಅವರಿಗೂ ಬಿ.ಪಿ. ಇದೆ. ಆದರೂ ಬೆಳಗಿನ ತಿಂಡಿ ಕಾಣುವುದು ಮಧ್ಯಾಹ್ನಕ್ಕೆ. ಜನ ಹೊಲಕ್ಕೆ ಹೋಗುವ ಮುಂಚೆ ಮನೆ ಸುತ್ತಬೇಕಲ್ಲ.

ಆಲೆಮನೆಯಲ್ಲಿ ನಾಗರಾಜು ಜಾಗಕ್ಕೆ ದ್ಯಾವಯ್ಯ ಬಂದಿದ್ದಾನೆ. ಅವನಿಗೂ ಸಕ್ಕರೆ ಕಾಯಿಲೆ. ಅವನೂ ರಾತ್ರಿ ಉಣ್ಣುವುದಿಲ್ಲ. ಹೇಳಿದರೆ ನಗುತ್ತಾನಂತೆ.

"ಬೇಜಾರಾಗೋಗದೆ. ಆದ್ರೂ ಓಗ್ತೀನಿ" ಎನ್ನುತ್ತಾರೆ. ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. "ದೊಡ್ಡದೇನಿಲ್ಲ ಸ್ವಾಮಿ. ನಾನು ಮಾತ್ರೆ ಕೊಟ್ಟೋರು ಒಂದು ತುತ್ತು ಉಂಡಿರ್ಬೇಕು, ಅಷ್ಟೇಯ."