ಪರದೆಯ ಗೋಡೆಗೆ ಬಣ್ಣ ಹೊಡೆದವರು

ಒಂದು ವಸ್ತು ಕೊಳ್ಳಬೇಕೆಂದರೆ ನಾನು ಮನೆಯವರ ಜೀವ ತಿನ್ನುವ ಮನುಷ್ಯ. ಸಂಡೂರಿನ ಅದಿರಿನ ಕಂಪನಿಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಬೇರಿಂಗ್ ತರಿಸಬೇಕೆಂದರೂ ಮೂರು ಕಡೆ ವಿಚಾರಿಸಿ, ಅಳತೆ ತಾಳೆ ನೋಡಿ, ಆಮೇಲೆ ಸಹಿ ಹಾಕುತ್ತೇನೆ. ಆ ಚಟವನ್ನು ಮನೆಗೂ ತಂದಿದ್ದೇನೆ. ಮಿಕ್ಸರ್ ಆರಿಸಲು ಎರಡು ತಿಂಗಳು ತೆಗೆದುಕೊಂಡೆನೆಂದು ಹೆಂಡತಿ ಇನ್ನೂ ಹಂಗಿಸುತ್ತಾಳೆ. ಇಂಥ ನಾನು ಹೋಮ್ ಥಿಯೇಟರ್ ಮಾಡಿಸುವ ಮಾತನ್ನು ಮಾತ್ರ ಹಿಂದೆ ಮುಂದೆ ನೋಡದೆ ಆಡಿಬಿಟ್ಟೆ. ಕೆಲವು ತಿಂಗಳ ಮೇಲೆ ಇನ್ನೊಂದು ಮಾತನ್ನೂ ಅಷ್ಟೇ ಸಲೀಸಾಗಿ ಆಡಿದೆ. ಮೊದಲನೆಯದು ಬರೀ ಬಡಾಯಿ. ಎರಡನೆಯದನ್ನು ನೆನೆಸಿಕೊಂಡರೆ ಈಗಲೂ ಮುಖ ಎಲ್ಲಿ ಇಟ್ಟುಕೊಳ್ಳಲಿ ಅನ್ನಿಸುತ್ತದೆ.

ಬಡಾಯಿ ಕೊಚ್ಚಿದ್ದು ಹಂಪಿಯ ಹತ್ತಿರದ ಒಂದು ರೆಸಾರ್ಟಿನಲ್ಲಿ. ಆಫೀಸಿನವರೆಲ್ಲ ಊಟಕ್ಕೆ ಸೇರಿದ್ದೆವು. ಅಲ್ಲೊಂದು ಸಣ್ಣ ಕೋಣೆಯಲ್ಲಿ ಪ್ರೊಜೆಕ್ಟರ್ ಹಾಕಿ, ಗೋಡೆ ತುಂಬ ಚಿತ್ರ ಬಿಟ್ಟಿದ್ದರು. ನಮ್ಮ ಮೇಲಧಿಕಾರಿ ಅದನ್ನು ನೋಡುತ್ತ ನಿಂತರು. ಅವರು ಹಾಸನದ ಕಡೆಯವರು, ಬಂದು ವರ್ಷವಾಗಿರಲಿಲ್ಲ. ಕಂಪನಿಯಲ್ಲಿ ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದೆವು. "ಮನೆಯಲ್ಲಿ ಇಂಥದ್ದೊಂದು ಮಾಡಿಸಬೇಕು ಅಂತ ಆಸೆ. ಆದರೆ ತಲೆಬುಡ ಗೊತ್ತಾಗಲ್ಲ" ಎಂದರು. ನಾನು ಪಕ್ಕದಲ್ಲಿದ್ದವನು ಸುಮ್ಮನಿರಬಹುದಿತ್ತು. "ನಾನು ಮಾಡಿಸ್ತಾ ಇದೀನಿ ಸರ್. ಮುಗಿದ ಮೇಲೆ ಬಂದು ನೋಡಿ" ಎಂದೆ. ಮನೆಯ ಮಹಡಿ ಕೋಣೆಯಲ್ಲಿ ಆಗ ಇದ್ದದ್ದು ಹಳೆಯ ಹಾಸಿಗೆ ಮತ್ತು ಅಕ್ಕಿ ಚೀಲ.

ಆಡಿದ ಮೇಲೆ ಮಾಡಿಸಲೇಬೇಕಲ್ಲ. ಹೊಸಪೇಟೆಯ ಅಂಗಡಿಗೆ ನಾಲ್ಕು ಸಲ ಅಲೆದೆ. ಹಾಳೆಯ ಮೇಲೆ ಗೆರೆ ಎಳೆದು ಯಾವ ಪ್ರೊಜೆಕ್ಟರಿಗೆ ಎಷ್ಟು ಬೆಳಕು, ಎಷ್ಟು ದೂರದಿಂದ ಎಷ್ಟು ದೊಡ್ಡ ಚಿತ್ರ ಎಂದೆಲ್ಲ ಬರೆದುಕೊಂಡು ಹೋಗಿದ್ದೆ. ಅಂಗಡಿಯವರು ಹಾಳೆಯ ಮೇಲೆ ಕಣ್ಣಾಡಿಸಿ ಒಂದೇ ಪ್ರಶ್ನೆ ಕೇಳಿದರು.

"ಎಲ್ಲಾ ಬರದೀರಿ. ಫ್ಯಾನ್ ಎಲ್ಲೈತ್ರಿ?"

ಫ್ಯಾನಿನ ಮಾತು ನನ್ನ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಪ್ರೊಜೆಕ್ಟರ್ ತೂಗುಹಾಕುವ ಜಾಗಕ್ಕೂ ಗೋಡೆಗೂ ನಡುವೆ ಫ್ಯಾನ್ ಸಿಕ್ಕರೆ ಸಿನಿಮಾ ಪೂರ್ತಿ ಅದರ ರೆಕ್ಕೆಯ ನೆರಳೇ ತಿರುಗುತ್ತದಂತೆ. ಮನೆಗೆ ಬಂದು ಏಣಿ ಹತ್ತಿ ಅಳೆದೆ. ಫ್ಯಾನ್ ಸರಿಯಾಗಿ ನಡುವೆಯೇ ಇತ್ತು. ಅದನ್ನು ಕಿತ್ತು ಹಿಂದಕ್ಕೆ ಹಾಕಿಸಿದೆ. ಮುಂದಿನ ಸಲ ಹೋದಾಗ ಅವರು, "ಸಂಡೂರಾಗ ಮನಿ ಅಂತೀರಿ. ಅಲ್ಲಿ ಧೂಳು ಭಾಳ. ಫಿಲ್ಟರ್ ಇರೋ ಲ್ಯಾಂಪಿಂದು ಬ್ಯಾಡ್ರಿ, ತಿಂಗಳಿಗೊಮ್ಮೆ ಬಿಚ್ಚಿ ಝಾಡಿಸೋದೇ ಆಗ್ತೈತಿ. ಒಳಗ ಗಾಳಿ ಹೋಗದಂಗ ಮುಚ್ಚಿರೋ ಲೇಸರ್ ತಗೋರಿ" ಎಂದರು. ಅದು ನನಗೂ ಒಪ್ಪಿಗೆಯಾಯಿತು. ನಮ್ಮೂರಲ್ಲಿ ಒಗೆದು ಹಾಕಿದ ಬಿಳಿ ಅಂಗಿ ಸಂಜೆಗೆ ಕೆಂಪಗಾಗಿರುತ್ತದೆ. ಆದರೆ ಅದೇ ಧೂಳು ಬಟ್ಟೆಯ ಪರದೆಯನ್ನು ಬಿಡುತ್ತದೆಯೇ? ಪರದೆಯನ್ನು ಒಗೆಯಲು ಬರುವುದಿಲ್ಲ, ಒರೆಸಿದರೆ ಕಲೆ ಹರಡುತ್ತದೆ. ಚೌಕಟ್ಟಿನದೋ, ಮೇಲಿಂದ ಎಳೆಯುವುದೋ ಎಂದು ನಾನು ಮತ್ತೆ ಹಾಳೆ ತೆಗೆದಾಗ ಹೆಂಡತಿ ಸಿಟ್ಟಾದಳು.

"ಕಂಪ್ಲಿ ಅಣ್ಣ ಇಲ್ಲೇನು? ಟಾಕೀಸಿನ ಸ್ಕ್ರೀನಿಗೇ ಬಣ್ಣ ಹೊಡದಾರ. ನಮ್ಮ ಗ್ವಾಡಿಗೆ ಹೊಡಿಯಂಗಿಲ್ಲೇನು ಅವರು?"

ಅವಳು ಅಣ್ಣ ಎಂದದ್ದು ನನ್ನ ಅಕ್ಕನ ಗಂಡನನ್ನು. ನನಗೆ ಅವರು ಮಾವ. ನಮ್ಮದು ಎಮ್ಮಿಗನೂರಿನ ಒಕ್ಕಲು ಮನೆ. ಅಪ್ಪ ನನ್ನನ್ನು ಓದಲೆಂದು ಕಂಪ್ಲಿಯ ಅಕ್ಕನ ಮನೆಯಲ್ಲಿ ಬಿಟ್ಟಿದ್ದ. ಐದು ವರ್ಷ ನಾನು ಮಾವನ ಅನ್ನ ತಿಂದೆ. ಅವರು ಗೋಡೆ ಬರಹ, ಅಂಗಡಿ ಬೋರ್ಡು, ಟ್ರ್ಯಾಕ್ಟರ್ ಟ್ರೈಲರಿನ ಮೇಲೆ ಹೂಬಳ್ಳಿ ಬರೆದು ಸಂಸಾರ ತೂಗಿಸುತ್ತಿದ್ದರು. ಮೊದಲಿನ ಟಾಕೀಸುಗಳಲ್ಲಿ ಪರದೆ ಮಾಸಿದಾಗಲೆಲ್ಲ ಅದನ್ನು ಬೆಳ್ಳಗೆ ಮಾಡಲು ಮಾವನನ್ನೇ ಕರೆಸುತ್ತಿದ್ದರು. ನನ್ನ ನೋಟ್‌ಬುಕ್ಕಿನ ಮೇಲೆ ನನ್ನ ಹೆಸರನ್ನು ನೆರಳು ಕೊಟ್ಟು ಬರೆದುಕೊಟ್ಟವರೂ ಅವರೇ. ಕೆಲಸಕ್ಕೆ ಅರ್ಜಿ ಹಾಕುವ ದಿನ ಬಸ್ಸಿಗೆ ಹತ್ತಿಸಿ, ಬಸ್ಸು ಹೊರಡುವ ತನಕ ಕಿಟಕಿ ಹಿಡಿದು ನಿಂತಿದ್ದರು.

ಫೋನ್ ಮಾಡಿದ್ದಕ್ಕೆ ಮಾವ ಮರುದಿನವೇ ಬಂದರು. ಎರಡು ದಿನ ಪುಟ್ಟಿ ಹಾಕಿ ಗೋಡೆಯನ್ನು ಉಜ್ಜಿದರು. ಬಲ್ಬನ್ನು ಗೋಡೆಗೆ ಒತ್ತಿ ಹಿಡಿದು, ಅದರ ಅಡ್ಡ ಬೆಳಕಿನಲ್ಲಿ ಉಬ್ಬುತಗ್ಗು ಹುಡುಕಿದರು. ನಾನು ಹೊಳಪಿನ ಬಣ್ಣ ತಂದಿದ್ದೆ. ಅದನ್ನು ವಾಪಸು ಕಳಿಸಿ, ಹೊಳಪಿಲ್ಲದ್ದನ್ನು ತರಿಸಿದರು. ಹೊಳಪಿದ್ದರೆ ನಡುವೆ ಬೆಳಕು ಗುಂಡಗೆ ಕುಳಿತು ಕಣ್ಣು ಕುಕ್ಕುತ್ತದಂತೆ. ಬಿಳಿಗೆ ಎರಡು ಹನಿ ಕಪ್ಪು ಬೆರೆಸಿದಾಗ ನಾನು ಕೈ ಅಡ್ಡ ತಂದೆ.

"ಮಾವ, ಬಿಳೀನ ಇರ್ಲಿ ಬಿಡ್ರಿ."

"ಸುಮ್ನಿರಲೇ. ಬರೇ ಬಿಳಿ ಇದ್ರ ಕಪ್ಪು ಕಪ್ಪಾಗಿ ಕಾಣಂಗಿಲ್ಲ. ಕತ್ತಲು ಬಂದಾಗ ಕತ್ತಲಾಗಬೇಕು."

ಕೊನೆಯ ಕೋಟ್ ಹೊಡೆಯುವ ಮುಂಚೆ ಅವರು ನೀರು ಕುಡಿದರು, ಹೊರಗೆ ಹೋಗಿ ಬಂದರು, ಬಾಯಲ್ಲಿದ್ದ ಎಲೆಅಡಿಕೆ ಉಗುಳಿದರು. ಟಾಕೀಸಿನವರ ಪದ್ಧತಿ ಅದು. ಕೊನೆಯ ಕೋಟಿಗೆ ರೋಲರ್ ಇಟ್ಟರೆ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ನಿಲ್ಲಿಸುವಂತಿಲ್ಲ, ಮಾತಾಡುವಂತಿಲ್ಲ, ಯಾರೇ ಕರೆದರೂ ತಿರುಗುವಂತಿಲ್ಲ. ನಡುವೆ ನಿಂತರೆ ಅಲ್ಲಿಯವರೆಗಿನ ಬಣ್ಣ ಒಣಗಿ, ಜೋಡಣೆಯ ಗೆರೆ ಬೀಳುತ್ತದೆ. ಬರಿಗಣ್ಣಿಗೆ ಕಾಣದ ಗೆರೆ ಸಿನಿಮಾ ಬಿಟ್ಟಾಗ ಎದ್ದು ಕಾಣುತ್ತದೆ. ಹೆಂಡತಿ ಸಂತೆಗೆ ಹೋಗಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬನಿಯನ್, ಮೊಣಕಾಲವರೆಗೆ ಕಟ್ಟಿದ ಲುಂಗಿ, ತಲೆಗೆ ಸುತ್ತಿದ ಟವೆಲ್ಲು; ತೋಳು ಮಾತ್ರ ಒಂದೇ ಸಮನೆ ಮೇಲೆ ಕೆಳಗೆ ಹೋಗುತ್ತಿತ್ತು.

ಅರ್ಧ ಗೋಡೆ ಮುಗಿದಿರಬೇಕು. ಕೆಳಗೆ ಕಾರು ನಿಂತಿತು. ಸಾಹೇಬರು ಗಣಿಯಿಂದ ಹೊಸಪೇಟೆಯ ಮನೆಗೆ ಹೋಗುತ್ತಿದ್ದವರು, ಹೇಳದೆ ಕೇಳದೆ ಇಳಿದುಬಿಟ್ಟಿದ್ದರು. ನಾನು ಅಂಗಿ ಸರಿಮಾಡಿಕೊಂಡು ಓಡಿದೆ. ಹೊರಗಿನ ಮೆಟ್ಟಿಲಿಂದಲೇ ಅವರನ್ನು ಮೇಲೆ ಕರೆತಂದೆ. ಅವರು ಗೋಡೆ ನೋಡಿದರು, ಪ್ರೊಜೆಕ್ಟರಿನ ಕೊಕ್ಕೆ ನೋಡಿದರು. ಮಾವ ಬೆನ್ನು ತೋರಿಸಿಕೊಂಡು ಕೆಲಸ ಮಾಡುತ್ತಲೇ ಇದ್ದರು. ಹಿರಿಯರೊಬ್ಬರು ಮನೆಗೆ ಬಂದವರತ್ತ ತಿರುಗಿಯೂ ನೋಡಲಿಲ್ಲ ಎಂದು ಸಾಹೇಬರಿಗೆ ವಿಚಿತ್ರವೆನಿಸಿತೋ ಏನೋ, "ಇವರು?" ಎಂದರು.

"ಪೇಂಟರ್ ಸರ್. ಕಂಪ್ಲಿಯಿಂದ ಕರೆಸಿದೀನಿ."

ನನ್ನ ಬಾಯಿಂದ ಬಂದದ್ದು ಇಷ್ಟೇ. ಹೇಳಬಾರದೆಂದು ಮೊದಲೇ ಠರಾಯಿಸಿಕೊಂಡಿದ್ದೆನೇ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಲ್ಲ, ಠರಾಯಿಸಿರಲಿಲ್ಲ. ಅದೇ ಕೆಟ್ಟದ್ದು. ಆ ಲುಂಗಿ, ಆ ಬನಿಯನ್ ಕಂಡು ನನಗೆ ನಾಚಿಕೆಯಾಗಿತ್ತು. ಬಾಯಿ ತನ್ನಷ್ಟಕ್ಕೆ ತಾನೇ ದಾರಿ ಹುಡುಕಿಕೊಂಡಿತು.

ರೋಲರ್ ನಿಂತಿತು. ಬಹಳ ಹೊತ್ತೇನಲ್ಲ. ಮಾವ ತಿರುಗಲಿಲ್ಲ. ರೋಲರನ್ನು ಗೋಡೆಯಿಂದ ತೆಗೆದು, ಬಣ್ಣದ ತಟ್ಟೆಯಲ್ಲಿ ಅದ್ದಿ, ಬೇಕಿದ್ದಕ್ಕಿಂತ ಜಾಸ್ತಿ ಹೊತ್ತು ಅದರಲ್ಲೇ ಹೊರಳಿಸುತ್ತ ಕುಳಿತರು. ಆಮೇಲೆ ಎದ್ದು ಮತ್ತೆ ಶುರು ಮಾಡಿದರು. ಸಾಹೇಬರು ಚಹಾ ಬೇಡವೆಂದು ಇಳಿದು ಹೋದರು.

ಮರುದಿನ ಪ್ರೊಜೆಕ್ಟರ್ ಕೂಡಿಸುವವರು ಹೊಸಪೇಟೆಯಿಂದ ಬಂದು ಪರೀಕ್ಷೆಗೆಂದು ಬರಿ ಬಿಳಿ ಬೆಳಕು ಬಿಟ್ಟರು. ಗೋಡೆಯ ನಟ್ಟನಡುವೆ ಮೇಲಿಂದ ಕೆಳಗೆ ಒಂದು ಗೆರೆ. ಕೂಡಿಸುವವರು ನಕ್ಕು, "ಯಾರ್ರೀ ಹೊಡದವರು?" ಎಂದರು. ನಾನು ನೆಲ ನೋಡಿದೆ.

"ನಾನ ರಿ. ವಯಸ್ಸಾತು. ಕೈ ನಿಂತುಬಿಡ್ತು" ಎಂದರು ಮಾವ. ಅಂದೇ ಉಜ್ಜಿ, ಇನ್ನೊಂದು ಕೋಟ್ ಕೊಟ್ಟು, ಸುತ್ತಲೂ ನಾಲ್ಕು ಬೆರಳು ಅಗಲದ ಕಪ್ಪು ಅಂಚು ಹಾಕಿ ಮುಗಿಸಿದರು. ನನ್ನ ಜೊತೆ ಅದರ ಬಗ್ಗೆ ಒಂದಕ್ಷರ ಆಡಲಿಲ್ಲ. ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಹೀಗೆ ಹೇಳಿಕೊಳ್ಳುವುದು ಸುಲಭ, ಬಿಡಿ. ಬೈಯದಿದ್ದರೂ ಹಿಡಿಯಬಹುದಿತ್ತು. ಬಸ್ ಸ್ಟ್ಯಾಂಡಿನವರೆಗೆ ಬೈಕಿನಲ್ಲಿ ಬಿಟ್ಟು ಬಂದೆ. ದಾರಿಯುದ್ದಕ್ಕೂ ಬಾಯಿ ತೆರೆಯಲು ಯತ್ನಿಸಿ, ಕೊನೆಗೆ ಬಸ್ಸಿನ ವೇಳೆ ಕೇಳಿದೆ.

ಚಿತ್ರ ಮಾತ್ರ ಮಸ್ತ್ ಬಂತು. ಕತ್ತಲು ಕತ್ತಲಾಗಿಯೇ ಕಂಡಿತು. ಸಾಹೇಬರು ಒಂದು ಸಂಜೆ ಬಂದು ಅರ್ಧ ಗಂಟೆ ಕೂತು ನೋಡಿದರು. ಹೆಂಡತಿ ಚಹಾ ತರಲು ಕೆಳಗೆ ಹೋದಾಗ, "ನನಗೂ ಪರದೆ ಬೇಡ, ಗೋಡೆಯೇ ಸಾಕು. ನಿಮ್ಮ ಆ ಪೇಂಟರನ್ನೇ ಕಳಿಸಿಕೊಡಿ" ಎಂದರು. ಆ ಹೊತ್ತಿಗಾದರೂ ಸರಿಮಾಡಬಹುದಿತ್ತು. ಅಂದು ಹೇಳುವುದು ಮರೆತೆ ಸರ್, ಅವರು ನಮ್ಮ ಮಾವನೇ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಆಗಲಿ ಸರ್ ಎಂದೆ.

ಫೋನಿನಲ್ಲಿ ಮಾವನಿಗೆ ವಿಷಯ ಹೇಳಿದೆ. "ಹೋಗ್ತೀನಿ. ಕಂಪ್ಲಿಯಿಂದ ದಿನಾ ಬಸ್ಸಿಗೆ ಹೋಗಿ ಬಂದ್ರಾತು. ಅಲ್ಲಿ ನಾ ಯಾರು ಅಂತ ಹೇಳ್ಲಿ?"

"ಸಾಹೇಬ್ರಿಗೆ ಜಲ್ದಿ ಆಗಬೇಕಂತ್ರಿ ಮಾವ" ಎಂದೆ.

"ಆತು. ತಿಳೀತು" ಎಂದು ಫೋನ್ ಇಟ್ಟರು.

ಮಾವನಿಗೆ ಸಾಹೇಬರ ಮನೆಯ ಕೆಲಸ ಕೊಡಿಸಿದೆನೆಂದು ಹೆಂಡತಿ ಹಿಗ್ಗಿದಳು. ಅಕ್ಕನೂ ಫೋನ್ ಮಾಡಿ, "ಛಲೋ ಮಾಡ್ದಿ ತಮ್ಮ. ಮನ್ಯಾಗ ಖಾಲಿ ಕುಂತಿದ್ರು" ಎಂದಳು. ಇಬ್ಬರಿಗೂ ಏನೂ ಗೊತ್ತಿರಲಿಲ್ಲ. ಮಾವ ಹೇಳಿರಲಿಲ್ಲ, ನಾನಂತೂ ಹೇಳುವವನಲ್ಲ.

ಸಾಹೇಬರ ಕೋಣೆ ಸಿದ್ಧವಾದ ಭಾನುವಾರ ಮಧ್ಯಾಹ್ನ ನನ್ನನ್ನೂ ಹೆಂಡತಿಯನ್ನೂ ಹೊಸಪೇಟೆಗೆ ಕರೆದರು. ಮಾವ ಇರುವುದಿಲ್ಲ ಎಂದುಕೊಂಡು ಹೋದೆ. ಕಪ್ಪು ಅಂಚು ಮುಗಿಸಲು ಅವರು ಬೆಳಿಗ್ಗೆ ಬಂದಿದ್ದರಂತೆ. ನೀವು ಮಾಡಿದ ಗೋಡೆಯಲ್ಲಿ ಚಿತ್ರ ನೋಡದೆ ಹೋಗಬೇಡಿ ಎಂದು ಸಾಹೇಬರೇ ತಡೆದು, ಮುಂದಿನ ಸಾಲಿನಲ್ಲಿ ಖುರ್ಚಿ ಹಾಕಿದ್ದರು. ನಾನು ಹೆದರಿದ್ದ ಸಾಹೇಬರು ಇವರು. ಮಾವ ಖುರ್ಚಿಯಲ್ಲಿ ಕೂಡದೆ ಬಾಗಿಲ ಪಕ್ಕ ಕೈಕಟ್ಟಿ ನಿಂತಿದ್ದರು. ಒಗೆದ ಬಿಳಿ ಅಂಗಿ ತೊಟ್ಟು, ತಲೆ ಬಾಚಿಕೊಂಡಿದ್ದರು.

ನಮ್ಮ ಕಡೆ ಹಿರಿಯರನ್ನು ಕೆಲವು ದಿನ ಬಿಟ್ಟು ಕಂಡರೂ ಹೆಣ್ಣುಮಕ್ಕಳು ಮೊದಲು ಕಾಲಿಗೆ ನಮಸ್ಕಾರ ಮಾಡುತ್ತಾರೆ. ಅದು ಯಾರ ಮನೆ, ಎದುರಿಗೆ ಯಾರಿದ್ದಾರೆ ಎಂದು ನೋಡುವುದಿಲ್ಲ. ಹೆಂಡತಿ ಚಪ್ಪಲಿ ಬಿಟ್ಟವಳೇ ಸೆರಗು ಹೊದ್ದು ನೇರ ಮಾವನ ಮುಂದೆ ಬಗ್ಗಿದಳು. ಮಾವ ಕಾಲು ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡವ್ವ. ಇಲ್ಲಿ ಬ್ಯಾಡ."

"ಯಾಕಣ್ಣ? ಏನಾತು?"

ಬಗ್ಗಿದವಳು ಹಾಗೆಯೇ ಮುಖವೆತ್ತಿ ಕೇಳಿದಳು. ಸಾಹೇಬರು ಅವಳನ್ನು ನೋಡಿದರು, ಮಾವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಇವರು ನಮ್ಮ ಅಕ್ಕನ ಗಂಡ, ಸರ್" ಎಂದೆ.

"ನಿಮ್ಮ ಭಾವನವರಾ? ನಾಲ್ಕು ದಿನದಿಂದ ಇಲ್ಲೇ ಕೆಲಸ ಮಾಡ್ತಿದ್ದಾರೆ. ನೀವು ಒಂದು ಮಾತು ಹೇಳಲೇ ಇಲ್ಲವಲ್ಲ."

ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವರು ಮಾವ.

"ಅದು ನನ್ನ ತಪ್ಪು ರಿ ಸಾಹೇಬ್ರ. ಕೆಲಸದ ಜಾಗಾದಾಗ ನಂಟಸ್ತನ ಹೇಳಬ್ಯಾಡ ಅಂತ ನಾನ ಅಂದಿದ್ದೆ. ಅವ ಹೇಳ್ತೀನಿ ಅಂದ, ನಾನ ಬಿಡಲಿಲ್ಲ."

ಸಾಹೇಬರ ಮುಖ ತಿಳಿಯಾಯಿತು. "ಇಂಥ ಶಿಸ್ತಿನವರು ಈಗ ಎಲ್ಲಿ ಸಿಗ್ತಾರೆ, ಹೇಳಿ?" ಎಂದು ನನ್ನ ಬೆನ್ನು ತಟ್ಟಿದರು. ಹೆಂಡತಿ ನಿಧಾನವಾಗಿ ನೆಟ್ಟಗಾದಳು. ಹದಿನಾಲ್ಕು ವರ್ಷ ನನ್ನ ಜೊತೆ ಬಾಳಿದವಳಿಗೆ ಅದು ಸುಳ್ಳೆಂದು ತಿಳಿಯಲು ತಡವಾಗಲಿಲ್ಲ. ಈಗಲಾದರೂ ನಾನು ನಿಜ ಹೇಳುತ್ತೇನೆಂದು ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ಹೌದು ಸರ್" ಎಂದೆ ನಾನು.