ಕಹಿ ಬಿಟ್ಟ ವರ್ಷವೇ ಟ್ರ್ಯಾಕ್ಟರ್ ಬಂತು

ಬೆಳಕು ಹರಿಯುವಷ್ಟರಲ್ಲಿ ಆಕೆ ಟೊಮೆಟೊ ಸಾಲುಗಳ ನಡುವೆ ಕುಳಿತಾಗಿದೆ. ನಾಳೆ ಅರಳಬೇಕಾದ ಮೊಗ್ಗನ್ನು ಎಡಗೈಯಲ್ಲಿ ಹಿಡಿದು, ಚಿಮಟದ ತುದಿಯಿಂದ ಎಸಳು ಬಿಡಿಸಿ, ಒಳಗಿನ ಕೇಸರವನ್ನು ಕಿತ್ತು ಬಿಸಾಡುತ್ತಾರೆ. ಇನ್ನೊಂದು ಗಿಡದ ಪರಾಗವನ್ನು ಬೆರಳ ತುದಿಯಲ್ಲಿ ತಂದು ಸವರಿ, ಗುರುತಿಗೆ ದಾರ ಕಟ್ಟುತ್ತಾರೆ. ತಳಿ ಸಂಶೋಧನಾ ಕೇಂದ್ರದಲ್ಲಿ ಎಲ್ಲರಿಗೂ ಆಕೆ ‘ಚಿಮಟದಕ್ಕ’.

ಈ ಹೂವು ಕಾಯಾಗುವುದಿಲ್ಲ. ಇವತ್ತೇ ಈ ಹೊಲವನ್ನು ಉತ್ತು ಹಾಕಲಿದ್ದಾರೆ. ಅದು ಆಕೆಗೂ ಗೊತ್ತು. ಮತ್ತೇಕೆ ಈ ಕೆಲಸ ಎಂದು ಪತ್ರಿಕೆಗೆ ಬರೆಯಲು ಬಂದ ನಾನು ಕೇಳಿದರೆ, “ಬೆಳಿಗ್ಗೆ ಎದ್ದು ಇನ್ನೇನ್ ಮಾಡ್ಲಿ?” ಎನ್ನುತ್ತಾರೆ.

ಮದುವೆಯಾದ ಹೊಸದರಲ್ಲಿ ಸೇರಿದ ಕೆಲಸ. ಆಗ ಸುತ್ತಲಿನ ಹೊಲಗಳ ಟೊಮೆಟೊ ಬಾಡುರೋಗಕ್ಕೆ ಸಾಲುಸಾಲಾಗಿ ಒಣಗುತ್ತಿತ್ತು. ರೋಗ ತಾಗದ್ದು ಒಂದು ಕಾಡು ಟೊಮೆಟೊ ಗಿಡ ಮಾತ್ರ. ಅದರ ಹಣ್ಣೋ ಗೋಲಿ ಗಾತ್ರ, ಬಾಯಿಗಿಟ್ಟರೆ ಕಹಿ. ಎರಡನ್ನೂ ಕೂಡಿಸಿ, ಹುಟ್ಟಿದ್ದರಲ್ಲಿ ಗಟ್ಟಿ ಗಿಡ ಆರಿಸಿ, ಅದನ್ನು ಮತ್ತೆ ಒಳ್ಳೆಯ ಟೊಮೆಟೊಗೆ ಕೂಡಿಸುವುದು. ಮಗಳು ಹುಟ್ಟಿ, ಓದಿ, ಮದುವೆಯಾಗಿ ಹೋಗುವವರೆಗೂ ಇದೇ ನಡೆಯಿತು. ಬಗ್ಗಿ ಬಗ್ಗಿ ಸೊಂಟ ಬಿತ್ತು, ಒಂದು ಕಣ್ಣಿಗೆ ಪೊರೆ ಬಂತು. ಗಿಡ ರೋಗ ತಡೆಯುವುದನ್ನು ಕಲಿತರೂ ಕಹಿ ಬೆನ್ನು ಬಿಡಲಿಲ್ಲ.

ಮೊದಲ ಹಣ್ಣಿನ ರುಚಿ ನೋಡುವವರು ಆಕೆಯ ಗಂಡ, ಕೇಂದ್ರದ ಟ್ರ್ಯಾಕ್ಟರ್ ಚಾಲಕ. ಪ್ರತಿ ವರ್ಷ ಮುಖ ಕಿವುಚಿ ಉಗುಳುತ್ತಿದ್ದವರು ಈ ಸಲ ತಿಂದು, ಇನ್ನೊಂದಕ್ಕೆ ಕೈಚಾಚಿದರು. “ನಾನು ಕೊಟ್ಟಿದ್ದನ್ನ ಇವರು ಎರಡನೇ ಸಲ ಕೇಳಿದ್ದು ಅವತ್ತೇ,” ಎಂದು ಚಿಮಟದಕ್ಕ ನಗುತ್ತಾರೆ. ನಗು ನಿಲ್ಲುವುದಿಲ್ಲ ಬಹಳ ಹೊತ್ತು.

ಅದೇ ವಾರ ತಳಿ ವಿಭಾಗ ಮುಚ್ಚುವ ಸುದ್ದಿ ಬಂತು. ಕೇಂದ್ರದ ಪ್ರಯೋಗಾಲಯದವರು ಕಾಡು ಗಿಡದಿಂದ ರೋಗ ತಡೆಯುವ ಒಂದೇ ವಂಶವಾಹಿಯನ್ನು ತೆಗೆದು ಒಳ್ಳೆಯ ಟೊಮೆಟೊಗೆ ಸೇರಿಸಿದ್ದರು. ಅದರ ಜೊತೆ ಕಹಿ ಬರಲೇ ಇಲ್ಲ. ಮೇಲಧಿಕಾರಿ ಆಕೆಯನ್ನು ಕೂರಿಸಿಕೊಂಡು, ಒಂದೇ ಕೆಲಸಕ್ಕೆ ಎರಡು ಗಿಡ ಬೇಡವೆಂದು ಮೃದುವಾಗಿಯೇ ಹೇಳಿದರು. ಬೀಜವನ್ನಾದರೂ ಎತ್ತಿಡಿ ಎಂದು ಆಕೆ ಬೇಡಿಕೊಂಡರು. ಯಾರಿಗೂ ಬೇಡದ ಬೀಜಕ್ಕೆ ಶೀತಲಗೃಹದಲ್ಲಿ ಜಾಗವಿಲ್ಲ. ಮನೆಗೆ ಒಯ್ಯೋಣವೆಂದರೆ ಕೇಂದ್ರದ ಬೀಜ ಗೇಟು ದಾಟುವಂತಿಲ್ಲ.

ಹೊಲ ಉಳಬೇಕಾದವರು ಗಂಡನೇ. ರಜೆ ಹಾಕುತ್ತೇನೆಂದು ಹಠ ಹಿಡಿದಿದ್ದರಂತೆ. “ನೀವು ಹೋಗ್ದಿದ್ರೆ ಇನ್ನೊಬ್ಬ ಬರ್ತಾನೆ. ಹೋಗೋದಾದ್ರೆ ನಿಮ್ಮ ಕೈಯಲ್ಲೇ ಹೋಗ್ಲಿ,” ಎಂದು ಈಕೆಯೇ ಎಬ್ಬಿಸಿ ಕಳಿಸಿದ್ದಾರೆ.

ಟ್ರ್ಯಾಕ್ಟರ್ ಮೊದಲ ಸಾಲಿಗೆ ಇಳಿಯುತ್ತದೆ. ಚಾಲಕ ಹೆಂಡತಿಯ ಕಡೆ ನೋಡುವುದಿಲ್ಲ. ಹಣ್ಣು ತುಂಬಿದ ಗಿಡಗಳು ಮಗುಚಿ ಮಣ್ಣಿನಡಿ ಹೋಗುತ್ತವೆ. ಪ್ರಯೋಗಾಲಯದವರ ಮೇಲೆ ಸಿಟ್ಟಿಲ್ಲವೇ ಎಂದು ಕೇಳುತ್ತೇನೆ. ಕೊನೆಯ ಸಾಲು ಮುಗಿದಾಗ ಆಕೆ ಚಿಮಟ ಒರೆಸಿ ಸೆರಗಿಗೆ ಸಿಕ್ಕಿಸುತ್ತಾರೆ.

“ಅವರದ್ದೂ ಒಳ್ಳೇ ಗಿಡಾನೇ. ನಂದೂ ಚೆನ್ನಾಗಿತ್ತು ಅಂತ ಬರೀರಿ, ಸಾಕು.”